ಕಾಲಂ ಒಂಬತ್ತು: ಅವಿವಾಹಿತ

ಬಮ್ಮಿಗಟ್ಟಿ
12 ಜೂನ್ 2023

ಚಿ. ಸೌ. ಅನ್ನಪೂರ್ಣಾಳಿಗೆ ಆಶೀರ್ವಾದಗಳು.

ಸೈನ್ಯದ ದಾಖಲೆ ಕಚೇರಿಗೆ ನಾನು ಸಲ್ಲಿಸಿದ ಮೇಲ್ಮನವಿಯ ಸಂಗತಿಗಳನ್ನು ಕ್ರಮವಾಗಿ ಕೆಳಗೆ ಕೊಟ್ಟಿದ್ದೇನೆ. ಇವುಗಳಲ್ಲಿ ಕೆಲವು ನಿನಗೆ ಗೊತ್ತಿರುವಂಥವೇ. ಆದರೂ ಕಚೇರಿಗೆ ಬರೆದದ್ದನ್ನೇ ನಿನಗೂ ಬರೆಯುವುದು ಸರಿ ಎನಿಸಿತು.

1. ನಾನು 1991ರಲ್ಲಿ ಸೈನ್ಯ ಸೇರಿದೆ. ತೋಪುಗಳ ಗುರಿ ಹಿಡಿಯುವ ಉಪಕರಣಗಳನ್ನು ದುರಸ್ತಿ ಮಾಡುವುದು ನನ್ನ ಕೆಲಸವಾಗಿತ್ತು. 2015ರಲ್ಲಿ ಹವಾಲ್ದಾರನಾಗಿ ಬಿಡುಗಡೆ ಹೊಂದಿದೆ.

2. ನಿನ್ನ ತಂದೆ ಕರಿಸಿದ್ದಪ್ಪ ತೀರಿಕೊಂಡ ಮರುವರ್ಷ, 2000ದ ಡಿಸೆಂಬರಿನಲ್ಲಿ, ನಾನು ರಜೆಯ ಮೇಲೆ ಬಂದಾಗ, ನನ್ನ ಸೋದರಮಾವನ ಮಗಳಾದ ನಿನ್ನ ಅವ್ವ ಮೈಲಾರವ್ವಳೊಡನೆ ನನ್ನ ಉಡಿಕಿ ಆಯಿತು. ಆಗ ನಿನಗೆ ಮೂರು ವರ್ಷ.

3. ಉಡಿಕಿ ಎಂದರೆ ಗಂಡ ಸತ್ತ ಹೆಂಗಸಿನ ಮರುಮದುವೆ. ನಮ್ಮ ಜನರಲ್ಲಿ ಅದಕ್ಕೆ ಲಗ್ನಪತ್ರಿಕೆ ಹಾಕಿಸುವುದಿಲ್ಲ. ಹಂದರವಿಲ್ಲ, ವಾಲಗವಿಲ್ಲ, ಫೋಟೋ ತೆಗೆಸುವ ರೂಢಿಯಿಲ್ಲ. ಹೊತ್ತು ಮುಳುಗಿದ ಮೇಲೆ ಹನುಮಪ್ಪನ ಗುಡಿಯ ಹಿಂದೆ ನಡೆಯುತ್ತದೆ. ಮುತ್ತೈದೆಯರು ಅದನ್ನು ನೋಡುವುದಿಲ್ಲ.

4. ಮದುವೆಯನ್ನು ದಾಖಲಿಸಲು ನಾನು ಅರ್ಜಿ ಕೊಟ್ಟಾಗ ಲಗ್ನಪತ್ರಿಕೆ ಮತ್ತು ಫೋಟೋ ಕೇಳಿದರು. ಎರಡೂ ಇರಲಿಲ್ಲ. ಅರ್ಜಿ ಮರಳಿ ಬಂತು. ಮುಂದೆ ವರ್ಗವಾದ ಕಡೆಗಳಲ್ಲೆಲ್ಲ ಇದೇ ನಡೆಯಿತು.

5. ಹೀಗಾಗಿ ನನ್ನ ಬಿಡುಗಡೆ ಪುಸ್ತಕದ ಒಂಬತ್ತನೆಯ ಕಾಲಂನಲ್ಲಿ ‘ಅವಿವಾಹಿತ’ ಎಂದಿದೆ. ವಾರಸುದಾರರ ಜಾಗದಲ್ಲಿ ನನ್ನ ತಾಯಿ ನೀಲಕ್ಕನ ಹೆಸರಿದೆ. ತಾಯಿ ಹೋದ ವರ್ಷ ತೀರಿಕೊಂಡಳು.

6. ಈಗ ನನಗೇನಾದರೂ ಆದರೆ ನಿನ್ನ ಅವ್ವನಿಗೆ ಕುಟುಂಬ ಪಿಂಚಣಿ ಬರುವುದಿಲ್ಲ, ಸೈನಿಕರ ದವಾಖಾನೆಯ ಚಿಕಿತ್ಸೆಯೂ ಇಲ್ಲ. ದಾಖಲೆಯ ಪ್ರಕಾರ ಅವಳು ನನಗೆ ಯಾರೂ ಅಲ್ಲ.

7. ಮದುವೆಯನ್ನು ಕಣ್ಣಾರೆ ಕಂಡವರ ಅಥವಾ ಮನೆಯಲ್ಲಿ ಬೆಳೆದ ಮಗುವಿನ ಪ್ರಮಾಣಪತ್ರ ಕೊಟ್ಟರೆ ದಾಖಲೆ ತಿದ್ದಬಹುದು ಎಂದು ಕಚೇರಿ ಉತ್ತರಿಸಿದೆ. ಅಂದು ಅಲ್ಲಿದ್ದವರಲ್ಲಿ ನಿನ್ನ ಸೋದರಮಾವ ಈರಪ್ಪನೂ ಸೇರಿ ಈಗ ಯಾರೂ ಉಳಿದಿಲ್ಲ. ನೀನು ನನ್ನ ತಾಯಿಯ ತೊಡೆಯ ಮೇಲೆ ಮಲಗಿದ್ದೆ. ಆದರೂ ಆ ಮನೆಯಲ್ಲಿ ಬೆಳೆದವಳು ನೀನೊಬ್ಬಳೇ.

ಆದ್ದರಿಂದ ನಿನ್ನ ಪ್ರಮಾಣಪತ್ರ ಬೇಕಾಗಿದೆ. ನಿನ್ನ ವಾಸ ಅಣ್ಣಿಗೇರಿಯಾದ್ದರಿಂದ ಅಲ್ಲಿಯ ಕಂದಾಯ ಇಲಾಖೆಯ ತಲಾಟಿ ನಿಮ್ಮ ಮನೆಗೆ ಬಂದು, ಬಾಜು ಮನೆಯವರನ್ನೂ ಕೇಳಿ, ವರದಿ ಬರೆಯುತ್ತಾರೆ. ಅದಕ್ಕೆ ಗಾಬರಿಯಾಗಬೇಕಾಗಿಲ್ಲ, ಅದು ಪದ್ಧತಿ. ನಿನ್ನ ಮಾವ ಲಕ್ಷ್ಮಪ್ಪನವರು ನನ್ನ ಸೇವೆಯ ಬಗ್ಗೆ ಗೌರವ ಇಟ್ಟುಕೊಂಡವರು. ಸಾಕ್ಷಿಯಾಗಿ ಅವರೇ ಸಹಿ ಮಾಡಿದರೆ ಉತ್ತಮ.

ಫೋನಿನಲ್ಲಿ ನೀನು ಹೇಳಿದ್ದು ನನಗೆ ಅರ್ಧ ಕೇಳುತ್ತದೆ. ಉಳಿದರ್ಧಕ್ಕೆ ನಿನ್ನ ಅವ್ವ ತನ್ನದನ್ನು ಸೇರಿಸುತ್ತಾಳೆ. ಆದ್ದರಿಂದ ಉತ್ತರವನ್ನು ಬರೆದೇ ತಿಳಿಸು.

ಇತಿ,
ಸುಭಾಸ ಮುಕ್ಕಲ


ಅಣ್ಣಿಗೇರಿ
4 ಜುಲೈ 2023

ತೀರ್ಥರೂಪ ಸಮಾನರಾದ ಕಾಕಾ ಅವರಿಗೆ ಅನ್ನಪೂರ್ಣಾ ಮಾಡುವ ನಮಸ್ಕಾರಗಳು.

ನಿಮ್ಮ ಪತ್ರ ಬಂದು ಬಹಳ ದಿನಗಳಾದವು. ಉತ್ತರ ತಡವಾಯಿತು, ಸಿಟ್ಟಾಗಬೇಡಿರಿ. ಶಾಲೆ ಶುರುವಾದ ಮೇಲೆ ಪುಸ್ತಕ ಹಂಚುವುದು, ಹೊಸ ಮಕ್ಕಳ ಹೆಸರು ಹಚ್ಚುವುದು, ಒಂದಲ್ಲ ಒಂದು ಕೆಲಸ.

ಪತ್ರವನ್ನು ಮಾವನವರೇ ಕೈಗೆ ಕೊಟ್ಟರು. ಒಡೆದಿರಲಿಲ್ಲ. “ಮಿಲಿಟರಿ ಕಾಕಾಂದು ಪತ್ರ ಬಂದೈತಿ ನೋಡವಾ. ಈ ಕಾಲದಾಗೂ ಕೈಲೆ ಬರದು ಕಳಸ್ತಾರಂದ್ರ! ಎಂಥಾ ಶಿಸ್ತಿನ ಮನಶ್ಯಾ!” ಎಂದು ಅಂಗಡಿಯಲ್ಲಿ ಕುಳಿತವರಿಗೆಲ್ಲ ಲಕೋಟೆ ತೋರಿಸಿದರಂತೆ. ಇನ್ನು ಮುಂದೆ ಶಾಲೆಯ ವಿಳಾಸಕ್ಕೇ ಬರೆಯಿರಿ. ಮನೆಗೆ ಅಂಚೆಯವನು ಬರುವ ಹೊತ್ತಿಗೆ ನಾನು ಇರುವುದಿಲ್ಲ. ಮೊಬೈಲಿಗೂ ಏನೂ ಕಳಿಸಬೇಡಿರಿ. ಅದು ಮನೆಯಲ್ಲಿ ಎಲ್ಲರ ಕೈಯಲ್ಲೂ ಇರುತ್ತದೆ.

ಪ್ರಮಾಣಪತ್ರದ ಬಗ್ಗೆ ವಿಚಾರಿಸುತ್ತೇನೆ. ಇಲ್ಲಿ ಬಾಂಡ್ ಪೇಪರ್ ಬೇಗ ಸಿಗುವುದಿಲ್ಲ. ಹೇಗೆ ಬರೆಯಬೇಕೆಂಬುದೂ ನನಗೆ ಗೊತ್ತಿಲ್ಲ. ಅವ್ವನ ಮೊಣಕಾಲು ಹೇಗಿದೆ?

ನಿಮ್ಮ,
ಅನ್ನಪೂರ್ಣಾ


ಬಮ್ಮಿಗಟ್ಟಿ
11 ಜುಲೈ 2023

ಚಿ. ಸೌ. ಅನ್ನಪೂರ್ಣಾಳಿಗೆ ಆಶೀರ್ವಾದಗಳು.

ನೀನು ಹೇಳಿದ ಎರಡು ಅಡಚಣೆಗಳನ್ನೂ ನಿವಾರಿಸಿದ್ದೇನೆ. ಬಾಂಡ್ ಪೇಪರನ್ನು ಕಲಘಟಗಿಯಲ್ಲಿ ನಿನ್ನ ಹೆಸರಿನಲ್ಲಿ ಪಡೆದು ಇದರೊಂದಿಗೆ ಕಳಿಸಿದ್ದೇನೆ. ಒಕ್ಕಣೆಯನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಅದರಲ್ಲಿ ನನ್ನನ್ನು ‘ನನ್ನ ತಾಯಿಯ ಪತಿ’ ಎಂದು ನಮೂದಿಸಿದೆ. ಕಚೇರಿಗೆ ಅಷ್ಟು ಸಾಕು. ನಿನಗೆ ಹೆಚ್ಚಿನದೇನೂ ಬರೆಯಬೇಕಾಗಿಲ್ಲ. ಸಹಿಯ ಜಾಗದಲ್ಲಿ ಪೆನ್ಸಿಲಿನಿಂದ ಗುರುತು ಮಾಡಿದೆ.

ಶಾಲೆಯ ವಿಳಾಸ ಅನುಕೂಲವೇ. ಅಲ್ಲಿ ಪತ್ರ ಕೈತಪ್ಪುವ ಸಂಭವ ಕಡಿಮೆ.

ಮೊಣಕಾಲು ಹಾಗೇ ಇದೆ. ಎಣ್ಣೆ ತಿಕ್ಕಿಕೊಳ್ಳುತ್ತಾಳೆ. ಹುಬ್ಬಳ್ಳಿಯ ದವಾಖಾನೆಗೆ ಹೋಗೋಣ ಎಂದರೆ, “ನಿಮ್ಮ ಮಿಲಿಟರಿ ಕಾರ್ಡ್ ನನಗ ನಡ್ಯೂದಿಲ್ಲಲ್ಲ, ಸುಮ್ಮನ ಯಾಕ ರೊಕ್ಕಾ ಸುರೂದು” ಎನ್ನುತ್ತಾಳೆ.

ನಾನು ಸೋಮವಾರ ಬೆಳಗಾವಿಗೆ ಹೋಗಿದ್ದೆ. ಗೆಳೆಯ ಮಾಬುಸಾಬ ತನ್ನ ಗಾಡಿಯಲ್ಲಿ ಕರೆದುಕೊಂಡು ಹೋದ. ಮುಂದಿನ ತಿಂಗಳೂ ಹೋಗಬೇಕಾಗಿದೆ.

ಇತಿ,
ಸುಭಾಸ ಮುಕ್ಕಲ


ಅಣ್ಣಿಗೇರಿ
20 ಸೆಪ್ಟೆಂಬರ್ 2023

ತೀರ್ಥರೂಪ ಸಮಾನರಾದ ಕಾಕಾ ಅವರಿಗೆ ನಮಸ್ಕಾರಗಳು.

ನಿಮ್ಮ ಜುಲೈ ಪತ್ರವೂ, ಮತ್ತೆ ಬೆಳಗಾವಿಗೆ ಹೋಗಿದ್ದೆ ಎಂದು ಆಗಸ್ಟಿನಲ್ಲಿ ಬರೆದ ಪತ್ರವೂ ಮುಟ್ಟಿವೆ. ಬಾಂಡ್ ಪೇಪರ್ ಜೋಪಾನವಾಗಿದೆ.

ಕಾಕಾ, ಒಂದು ಮಾತು ಕೇಳಲೇ? ಇಷ್ಟು ವರ್ಷ ಆ ಪುಸ್ತಕದಲ್ಲಿ ಏನಿತ್ತೋ ಅದೇ ಇತ್ತು. ಅದರಿಂದ ನಿಮ್ಮಿಬ್ಬರಿಗೂ ಏನೂ ಕಡಿಮೆಯಾಗಲಿಲ್ಲ. ಈಗ ಯಾಕೆ ಇಷ್ಟು ಅವಸರ? ನಿಮಗಿನ್ನೂ ಐವತ್ತೊಂದು ವಯಸ್ಸು. ಉಪಕರಣದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ನಿಮಗೆ ನಿದ್ದೆ ಬರುತ್ತಿರಲಿಲ್ಲ ಎಂದು ಅಜ್ಜಿ ಹೇಳುತ್ತಿದ್ದಳು. ಇದೂ ಅಂಥದ್ದೇ ಎಂದು ನನಗೆ ಅನಿಸುತ್ತದೆ. ಕಾಗದ ಸರಿಯಾಗಿರಬೇಕೆಂಬ ಹಟ. ಅದಕ್ಕಾಗಿ ಪ್ರತಿ ತಿಂಗಳು ಬೆಳಗಾವಿಗೆ ಅಲೆಯುತ್ತೀರಿ. ಆ ಕಚೇರಿಯವರು ನಿಮ್ಮನ್ನು ಎಷ್ಟು ತಿರುಗಾಡಿಸುತ್ತಾರೆ!

ನಾದಿನಿ ಸುನಿತಾಳಿಗೆ ಗದಗಿನ ಕಡೆಯ ಸಂಬಂಧ ಕೂಡಿ ಬರುವಂತಿದೆ. ಮನೆಯಲ್ಲಿ ಅದರದೇ ಗಡಿಬಿಡಿ. ಸ್ವಲ್ಪ ತಾಳಿರಿ.

ನಿಮ್ಮ,
ಅನ್ನಪೂರ್ಣಾ


ಬಮ್ಮಿಗಟ್ಟಿ
29 ಸೆಪ್ಟೆಂಬರ್ 2023

ಚಿ. ಸೌ. ಅನ್ನಪೂರ್ಣಾಳಿಗೆ ಆಶೀರ್ವಾದಗಳು.

ಹಟ ಎಂದು ನೀನು ಬರೆದದ್ದು ಸರಿಯಿರಬಹುದು. ಅದರ ಬಗ್ಗೆ ವಾದಿಸುವುದಿಲ್ಲ.

ಬಾಂಡ್ ಪೇಪರನ್ನು ಆರು ತಿಂಗಳೊಳಗೆ ಬಳಸುವುದು ಒಳ್ಳೆಯದು ಎನ್ನುತ್ತಾರೆ. ಸುನಿತಾಳ ಸಂಬಂಧದ ಸುದ್ದಿ ಕೇಳಿ ಸಂತೋಷವಾಯಿತು. ಲಕ್ಷ್ಮಪ್ಪನವರಿಗೆ ತಿಳಿಸು. ನಾನು ಬಂದಾಗಲೆಲ್ಲ ಅವರು ತಾವು ಎದ್ದು ನನ್ನನ್ನು ಗಾದಿಯ ಮೇಲೆ ಕೂಡಿಸುತ್ತಾರೆ. ಒಬ್ಬ ಹವಾಲ್ದಾರನಿಗೆ ಅಷ್ಟು ಮರ್ಯಾದೆ ನಮ್ಮ ರೆಜಿಮೆಂಟಿನಲ್ಲಿಯೂ ಸಿಕ್ಕಿರಲಿಲ್ಲ. ಅಂಥವರ ಮನೆಯಲ್ಲಿ ಒಂದು ಸಹಿಗೆ ನೀನು ಇಷ್ಟು ಹಿಂಜರಿಯುವುದು ನನಗೆ ತಿಳಿಯದಾಗಿದೆ.

ನಿನ್ನ ಅವ್ವ ಒಂದು ಮಾತು ಬರೆಯಲು ಹೇಳಿದ್ದಾಳೆ. ಬರೆಯುವುದು ನನಗೆ ಸಂಕೋಚ. ಆದರೂ ಅವಳ ಮಾತಿನಲ್ಲೇ ಬರೆಯುತ್ತೇನೆ: “ಹುಡಿಗಿ ಒಂದ ಸಹಿ ಮಾಡಾಕ ಇಷ್ಟ್ಯಾಕ ತಡಾ ಮಾಡ್ಲಿಕತ್ತಾಳ? ಬಸರ ಇದ್ದಾಳೇನ ಕೇಳ್ರಿ. ಇದ್ರ ಹುಳೀ ಮಾವಿನಕಾಯಿ ಉಪ್ಪಿನಾಗ ಹಾಕೇನಿ, ಮಾಬುಸಾಬನ ಕೈಲೆ ಕಳಸ್ತೀನಿ.”

ಇತಿ,
ಸುಭಾಸ ಮುಕ್ಕಲ


ಅಣ್ಣಿಗೇರಿ
28 ನವೆಂಬರ್ 2023

ತೀರ್ಥರೂಪ ಸಮಾನರಾದ ಕಾಕಾ ಅವರಿಗೆ ನಮಸ್ಕಾರಗಳು.

ಬಸುರಿಯಲ್ಲ. ಅವ್ವನಿಗೆ ಹಾಗೆ ಹೇಳಿರಿ. ಉಪ್ಪಿನಕಾಯಿ ಮಾತ್ರ ಕಳಿಸಲಿ.

ಈ ಪತ್ರವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಮಕ್ಕಳು ಊಟಕ್ಕೆ ಹೋಗಿದ್ದಾರೆ, ವರ್ಗದಲ್ಲಿ ಒಬ್ಬಳೇ ಕುಳಿತಿದ್ದೇನೆ. ಈಗ ಬರೆಯದಿದ್ದರೆ ಮುಂದೆ ಬರೆಯಲಾರೆ.

ನನ್ನನ್ನು ನೋಡಲು ಅಣ್ಣಿಗೇರಿಯವರು ಬಂದಾಗ ನೀವು ಹೊಲದ ಪಾಲಿನ ತಕರಾರಿಗೆಂದು ಅಳ್ನಾವರಕ್ಕೆ ಹೋಗಿದ್ದಿರಿ. ಮಾತನಾಡಿದವನು ಈರಪ್ಪ ಮಾಮಾ. ಈ ಮನೆಯವರೂ ನಮ್ಮ ಜನವೇ. ಆದರೆ ಇವರ ಅಜ್ಜ ಪೇಟೆಗೆ ಬಂದು ಕಾಳಿನ ವ್ಯಾಪಾರ ಹಿಡಿದ ಮೇಲೆ ಉಡಿಕಿಯವರ ಮನೆಯಿಂದ ಹೆಣ್ಣು ತರುವುದಿಲ್ಲ, ಕೊಡುವುದಿಲ್ಲ. ಮಾವನವರು ಮೊದಲು ಕೇಳಿದ್ದೇ ಅದು. “ಹುಡಿಗಿ ತಾಯಿ ಒಂದ ಮನ್ಯಾಗ ಅತ್ತಿ ಮಗನ ಕೂಡ ಇದ್ದಾರಂತಲ್ರಿ?”

ಮಾಮಾ ಒಳಗೆ ಹೋಗಿ ಟ್ರಂಕಿನಿಂದ ನಿಮ್ಮ ಬಿಡುಗಡೆ ಪುಸ್ತಕ ತಂದ. ಒಂಬತ್ತನೆಯ ಕಾಲಂ ಮೇಲೆ ಬೆರಳಿಟ್ಟು ತೋರಿಸಿದ. “ಓದ್ರಿ. ಸರಕಾರದ ಸಿಕ್ಕಾ ಐತಿ. ಗಂಡ ಸತ್ತ ನನ್ನ ತಂಗೀನ್ನ ನಮ್ಮ ಸೋದರತ್ತಿ ತನ್ನ ಮನ್ಯಾಗ ಇಟ್ಟಗೊಂಡಾಳ. ಆಕಿ ಮಗಾ ಆ ತಾಯಿ-ಮಗಳನ್ನ ಸಾಕೂ ಸಲುವಾಗಿ ಮದಿವಿನs ಆಗಿಲ್ಲ. ಸನ್ಯಾಸಿ ಇದ್ದಾಂಗ ಇದ್ದಾನ್ರಿ ನಮ್ಮ ಸುಭಾಸ.” ಮಾವನವರು ಆ ಹಾಳೆಗೆ ಕೈ ಮುಗಿದರು ಕಾಕಾ. ನಾನು ಬಾಗಿಲ ಮರೆಯಿಂದ ನೋಡಿದೆ. ಅವ್ವನೂ ನೋಡಿದಳು. ಅವಳು ಚಹಾ ಸೋಸಿದಳು.

ನನ್ನ ಮದುವೆಯಲ್ಲಿ ಅವ್ವ ಹಿಂದೆ ಕಂಬದ ಕಡೆ ನಿಂತಳು. ಉಡಿಕಿಯವಳಾದರೂ ಅಲ್ಲೇ ನಿಲ್ಲಬೇಕು, ವಿಧವೆಯಾದರೂ ಅಲ್ಲೇ ನಿಲ್ಲಬೇಕು. ಹಾಗಾಗಿ ಯಾರಿಗೂ ತಿಳಿಯಲಿಲ್ಲ.

ನಿಮ್ಮನ್ನು ಗಾದಿಯ ಮೇಲೆ ಕೂಡಿಸುವುದು ನಿಮ್ಮ ಸೈನ್ಯಕ್ಕಾಗಿ ಅಲ್ಲ. ಆ ಕಾಲಂಗಾಗಿ. ಸುನಿತಾಳಿಗೆ ಗದಗಿನವರು ಬಂದಾಗಲೂ ಮಾವನವರು ನಿಮ್ಮ ಕಥೆ ಹೇಳಿದರು, ನಮ್ಮ ಬೀಗರಲ್ಲಿ ಇಂಥವರಿದ್ದಾರೆ ಎಂದು. ಈಗ ತಲಾಟಿ ಮನೆಗೆ ಬಂದು ಮಾವನವರನ್ನು ‘ನಿಮ್ಮ ಸೊಸೆಯ ತಾಯಿಯ ಉಡಿಕಿ ನಿಜವೋ ಸುಳ್ಳೋ’ ಎಂದು ಕೇಳಿದರೆ ಸುನಿತಾಳ ಸಂಬಂಧ ನಿಲ್ಲುವುದಿಲ್ಲ. ನನ್ನದು ಏನಾಗುತ್ತದೆಯೋ ನನಗೆ ಗೊತ್ತಿಲ್ಲ.

ನಿಮಗೆ ಮೊದಲೇ ಹೇಳಬೇಕಿತ್ತು. ಅವ್ವ ಹೇಳಬೇಡ ಅಂದಿದ್ದಳು.

ನಿಮ್ಮ,
ಅನ್ನಪೂರ್ಣಾ


ಬಮ್ಮಿಗಟ್ಟಿ
5 ಡಿಸೆಂಬರ್ 2023

ಚಿ. ಸೌ. ಅನ್ನಪೂರ್ಣಾಳಿಗೆ ಆಶೀರ್ವಾದಗಳು.

ಪತ್ರ ತಲುಪಿತು. ವಿಷಯ ತಿಳಿಯಿತು.

ಬಾಂಡ್ ಪೇಪರನ್ನು ಹರಿದುಹಾಕು. ಒಕ್ಕಣೆಯ ಹಾಳೆಯನ್ನೂ ಇಟ್ಟುಕೊಳ್ಳಬೇಡ.

ನಿನ್ನ ಅವ್ವನನ್ನು ನಾನು ಏನೂ ಕೇಳಿಲ್ಲ. ನಿನ್ನ ಪತ್ರ ಓದುವಾಗ ಅವಳು ಎದುರಿಗೇ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. “ಏನ ಬರದಾಳ?” ಎಂದಳು. “ಬಸುರಿಯಲ್ಲವಂತೆ” ಎಂದೆ. “ಅಷ್ಟ ಹೇಳಾಕ ಎರಡ ಹಾಳಿ ಬೇಕಾತೇನು?” ಎಂದು ನಕ್ಕಳು. ಆಮೇಲೆ ನಗಲಿಲ್ಲ. ಅವಳಿಗೆ ತಿಳಿಯಿತು ಎಂದುಕೊಂಡಿದ್ದೇನೆ.

ಉಪ್ಪಿನಕಾಯಿ ಕಳಿಸಿದೆ.

ಇತಿ,
ಸುಭಾಸ ಮುಕ್ಕಲ


ಅಣ್ಣಿಗೇರಿ
14 ಫೆಬ್ರವರಿ 2024

ತೀರ್ಥರೂಪರಿಗೆ ಅನ್ನಪೂರ್ಣಾಳ ನಮಸ್ಕಾರಗಳು.

ನಿನ್ನೆ ಮಾಬುಸಾಬ ಕಾಕಾ ಗೋವಿನಜೋಳದ ಚೀಲ ಹಾಕಿಕೊಂಡು ಮಾವನವರ ಅಂಗಡಿಗೆ ಬಂದಿದ್ದರು. ನನ್ನನ್ನು ನೋಡಿದ್ದೇ ಬೈದರು. “ಏನ ಬೇ ತಂಗಿ, ಮನಿ ದಾರಿ ಮರತೀ ಏನ? ಆ ಮನಶ್ಯಾ ಒಣಗಿ ಕಟ್ಟಿಗ್ಯಾಗ್ಯಾನ. ತಿಂಗಳಿಗೊಮ್ಮೆ ಬೆಳಗಾವಿ ದವಾಖಾನಿಗೆ ನಾನs ಕರಕೊಂಡು ಹೊಂಟೀನಿ. ದಾರ್ಯಾಗ ಒಂದ ಮಾತ ಆಡಂಗಿಲ್ಲ. ಗಾಡಿ ಇಂಜಿನ್ ಸಪ್ಪಳ ಕೆಟ್ಟೈತಿ, ನಾಲ್ಕನೇ ವಾಲ್ವ್ ನೋಡಸು ಅಂತಾನ. ಕಿವಿ ಕೇಳಂಗಿಲ್ಲ, ಸೀಟಿನ ಮ್ಯಾಲೆ ಕೈ ಇಟ್ಟs ಹೇಳತಾನ!”

ದವಾಖಾನೆ! ನೀವು ಬೆಳಗಾವಿ ಬೆಳಗಾವಿ ಎಂದು ಬರೆದಾಗಲೆಲ್ಲ ನಾನು ಕಚೇರಿ ಎಂದುಕೊಂಡೆ. ಹಟ ಎಂದು ಬರೆದೆ. ನೀವು ಅದನ್ನೂ ಸರಿಯಿರಬಹುದು ಎಂದಿರಿ.

ರಾತ್ರಿಯೇ ಅವ್ವನಿಗೆ ಫೋನ್ ಮಾಡಿದೆ. ಅವಳು ಮೊದಲು ಏನೂ ಇಲ್ಲ ಎಂದಳು. ಆಮೇಲೆ, “ಲಿವರದಾಗ ಗಡ್ಡಿ ಅಂತ. ನಿನಗ ಹೇಳಬಾರದು ಅಂತ ಆಣಿ ಹಾಕ್ಯಾರ” ಎಂದು ಫೋನ್ ಇಟ್ಟಳು.

ಬಾಂಡ್ ಪೇಪರ್ ನಾನು ಹರಿದಿರಲಿಲ್ಲ. ಇಂದು ಶಾಲೆಗೆ ರಜೆ ಹಾಕಿ ಗದಗಿಗೆ ಹೋಗಿ ನೋಟರಿಯ ಎದುರು ಸಹಿ ಮಾಡಿದ್ದೇನೆ. ಇದರೊಂದಿಗೆ ಇದೆ. ನಿಮ್ಮ ಒಕ್ಕಣೆಯಲ್ಲಿ ‘ನನ್ನ ತಾಯಿಯ ಪತಿ’ ಎಂದಿದ್ದ ಕಡೆ ‘ನನ್ನ ತಂದೆ’ ಎಂದು ಬರೆಸಿದ್ದೇನೆ. ಕಚೇರಿಗೆ ಅದು ನಡೆಯುತ್ತದೋ ಇಲ್ಲವೋ ಗೊತ್ತಿಲ್ಲ. ನನಗೆ ಬೇರೆ ಬರೆಯಲು ಬರಲಿಲ್ಲ.

ನಿಮ್ಮ ಅಳಿಯ ಬೀರೇಶ ಅವರಿಗೂ ಹೇಳಿದೆ. “ಅಪ್ಪಗ ನಾ ಹೇಳೂದಿಲ್ಲ. ಆದ್ರ ತಲಾಟಿ ಮನಿಗೆ ಬಂದ್ರ ನನ್ನ ಕೈಯಾಗ ಏನೂ ಇರೂದಿಲ್ಲ ನೋಡು” ಎಂದರು. ಸುನಿತಾಳ ಮದುವೆ ಮೇ ತಿಂಗಳಿಗೆ ಗೊತ್ತಾಗಿದೆ. ಏನಾದರೂ ಆಗಲಿ. ನೀವು ಇದನ್ನು ಕಳಿಸಿರಿ.

ನಿಮ್ಮ ಮಗಳು,
ಅನ್ನಪೂರ್ಣಾ


ಬಮ್ಮಿಗಟ್ಟಿ
27 ಫೆಬ್ರವರಿ 2024

ಚಿ. ಸೌ. ಅನ್ನಪೂರ್ಣಾಳಿಗೆ ಆಶೀರ್ವಾದಗಳು.

ನಿನ್ನ ಪ್ರಮಾಣಪತ್ರ ತಲುಪಿತು. ಎರಡು ಸಲ ಓದಿದೆ. ಪತ್ರದ ಮೊದಲ ಸಾಲಿನಲ್ಲಿ ‘ಸಮಾನ’ ಎಂಬುದು ಇಲ್ಲದ್ದನ್ನೂ ನೋಡಿದೆ. ಅದರ ಬಗ್ಗೆ ನಾನು ಬರೆಯಲಾರೆ.

ಬೆಳಗಾವಿಯ ವಿಷಯದಲ್ಲಿ ನಾನು ಸುಳ್ಳು ಬರೆದಿಲ್ಲ. ಹೋಗಿದ್ದೆ ಎಂದು ಬರೆದೆ. ಯಾಕೆ ಎಂದು ಬರೆಯಲಿಲ್ಲ. ಬರೆದಿದ್ದರೆ ನೀನು ಮೊದಲ ದಿನವೇ ಸಹಿ ಮಾಡುತ್ತಿದ್ದೆ. ಹಾಗೆ ಸಹಿ ಪಡೆಯುವುದು ನನಗೆ ಬೇಕಿರಲಿಲ್ಲ. ಅದರ ಬೆಲೆ ಏನೆಂದು ಆಗ ನನಗೆ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ.

ನಿನ್ನ ಪತ್ರ ಬಂದ ಮರುದಿನ ಧಾರವಾಡದ ಮಾಜಿ ಸೈನಿಕರ ಕಚೇರಿಗೆ ಹೋದೆ. ಅಲ್ಲಿಯ ಗುಮಾಸ್ತರು ಸ್ವತಃ ಸೈನ್ಯದಲ್ಲಿದ್ದವರು. ಮಾತು ನನಗೆ ಕೇಳಬೇಕೆಂದು ಜೋರಾಗಿಯೇ ಹೇಳಿದರು. ಹೊರಗೆ ಕುಳಿತವರಿಗೂ ಕೇಳಿತು. ತಲಾಟಿಯ ವಿಚಾರಣೆ, ವರದಿ, ಕಚೇರಿಯ ತೀರ್ಮಾನ ಎಲ್ಲ ಸೇರಿ ಒಂದು ವರ್ಷ ಬೇಕಂತೆ. ವೈದ್ಯರು ನನಗೆ ಹೇಳಿದ ಅವಧಿ ಅದಕ್ಕಿಂತ ಕಡಿಮೆ.

ಆಮೇಲೆ ಅವರು, “ಒಂದ ಮಾತ ಹೇಳ್ತೀನ್ರಿ ಹವಾಲ್ದಾರ್ ಸಾಹೇಬ್ರ, ಸಿಟ್ಟಾಗಬ್ಯಾಡ್ರಿ. ಹಳೀ ಮದಿವಿ ಸಾಬೀತ ಮಾಡೂದ ಬಿಟ್ಟಬಿಡ್ರಿ. ಹೊಸಾದೊಂದ ಮಾಡಕೋರಿ. ಪಿಂಚಣಿ ಮ್ಯಾಲೆ ಬಂದ ನಂತರ ಮದಿವ್ಯಾದ್ರೂ ಹೆಣ್ತಿಗೆ ಹಕ್ಕ ಐತಿ” ಎಂದರು.

“ಯಾರನ್ನು?” ಎಂದೆ.

“ಅವರನ್ನರಿ! ಮತ್ತ್ಯಾರನ್ನ?” ಎಂದು ನಕ್ಕರು. ಹೊರಗಿನವರೂ ನಕ್ಕರು.

ಅವರು ಹೇಳಿದ್ದು ಸರಿಯಿದೆ. ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಟಿಸು ಕೊಟ್ಟು ಮೂವತ್ತು ದಿನ ಕಾದರೆ ಮುಗಿಯಿತು. ಅದಕ್ಕೆ ನಿನ್ನ ಹೇಳಿಕೆ ಬೇಡ, ತಲಾಟಿ ಅಣ್ಣಿಗೇರಿಗೆ ಬರುವುದಿಲ್ಲ. ನೋಟಿಸು ಕಲಘಟಗಿಯ ಹಲಗೆಯ ಮೇಲೆ ಇರುತ್ತದೆ. ಅದನ್ನು ಯಾರೂ ಓದುವುದಿಲ್ಲ. ಆದರೆ ಮದುವೆಯ ತಾರೀಖು 2024 ಎಂದಾಗುತ್ತದೆ. ಅದರ ಹಿಂದಿನ ಇಪ್ಪತ್ತಮೂರು ವರ್ಷ ನಿನ್ನ ಅವ್ವ ನನ್ನ ಮನೆಯಲ್ಲಿ ಯಾರಾಗಿದ್ದಳು ಎಂಬುದಕ್ಕೆ ಯಾವ ದಾಖಲೆಯಲ್ಲೂ ಉತ್ತರ ಇರುವುದಿಲ್ಲ.

ಇದನ್ನು ಅವಳಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಹಂಚಿನ ಮೇಲಿನದನ್ನು ತಿರುವಿ ಹಾಕಿ, “ಒಬ್ಬ ಗಂಡಸನ್ನ ಎಷ್ಟ ಸರ್ತಿ ಮಾಡಕೋಬೇಕ್ರಿ? ಒಮ್ಮೆ ಕತ್ತಲದಾಗ, ಒಮ್ಮೆ ಕಚೇರ್ಯಾಗ” ಎಂದಳು. ನಾನು ಕ್ಷಮೆ ಕೇಳಿದೆ. ಅದು ಅವಳಿಗೆ ಸೇರಲಿಲ್ಲ. “ನೀವೇನ ಮಾಡೀರಿ ಕ್ಷಮಾ ಕೇಳಾಕ? ಅಂದು ಈರಪ್ಪಣ್ಣ ಆ ಪುಸ್ತಕ ತೋರಿಸಿದಾಗ ನಾ ಬಾಯಿ ಬಿಡಲಿಲ್ಲ. ಹುಡಿಗಿ ಒಂದ ಕಡೆ ನೆಲಿ ನಿಂತ್ರ ಸಾಕಾಗಿತ್ತ ನನಗ. ಈಗೂ ಅಷ್ಟs” ಎಂದಳು. ರೊಟ್ಟಿ ಬುಟ್ಟಿಗೆ ಹಾಕಿ ಇನ್ನೊಂದು ಮಾತು ಕೇಳಿದಳು: “ಈ ಸರ್ತಿನಾದ್ರೂ ಫೋಟೋ ತಗೀತಾರೇನು?”

ನೋಟಿಸಿನ ಫಾರ್ಮನ್ನು ನಿನ್ನೆ ತುಂಬಿದೆ. ವಧುವಿನ ಸ್ಥಿತಿ ಎಂಬಲ್ಲಿ ‘ವಿಧವೆ’ ಎಂದು ಬರೆದೆ. ಅವಳು ಹೆಬ್ಬೆಟ್ಟು ಒತ್ತಿದಳು. ವರನ ಸ್ಥಿತಿ ಎಂಬಲ್ಲಿ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಸೈನ್ಯದ ಗುಮಾಸ್ತರು ಬರೆದ ಆ ಶಬ್ದವನ್ನು ತೆಗೆಸಲು ನಾನು ಓಡಾಡದ ಕಚೇರಿಯಿಲ್ಲ. ಈಗ ಅದೇ ಶಬ್ದವನ್ನು ನನ್ನ ಅಕ್ಷರದಲ್ಲಿ ಬರೆದು, ಇದು ಸತ್ಯವೆಂದು ಕೆಳಗೆ ಸಹಿ ಮಾಡಿದ್ದೇನೆ.

ನಾನು ನಿರ್ಧರಿಸಿದ್ದು ಇಷ್ಟು. ದಾಖಲೆ ತಿದ್ದುಪಡಿಯ ಮೇಲ್ಮನವಿಯನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ನಿನ್ನ ಪ್ರಮಾಣಪತ್ರವನ್ನು ಯಾರಿಗೂ ಕಳಿಸುವುದಿಲ್ಲ. ಅದು ನನ್ನ ಹತ್ತಿರ ಇರುತ್ತದೆ. ಮಾರ್ಚ್ ಕೊನೆಯ ವಾರ ನಾನೂ ನಿನ್ನ ಅವ್ವನೂ ಕಲಘಟಗಿಯಲ್ಲಿ ಮದುವೆಯಾಗುತ್ತೇವೆ. ಮಾಬುಸಾಬ ಸಾಕ್ಷಿ ಹಾಕುತ್ತಾನೆ. ನೀನು ಬರಬಾರದು. ಫೋಟೋ ತೆಗೆಸುತ್ತೇನೆ.

ಇತಿ,
ಸುಭಾಸ ಮುಕ್ಕಲ